ಅತ್ತೆಯ ಎಡಗೈಗೆ ಹಾಕಿದ ಪ್ಲೇಟು

ನಮ್ಮತ್ತೆಯ ಎಡಗೈ ಮುರಿದದ್ದು ಒಂದು ಕರುವಿನ ದೆಸೆಯಿಂದ. ಹಾಲು ಕರೆದಾದ ಮೇಲೆ ಕರುವನ್ನು ಎಳೆದು ತಂದು, ಗೂಟಕ್ಕೆ ಕಟ್ಟುವ ಮೊದಲು ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು, ಎದುರಿಗೆ ಸಿಕ್ಕವರ ಜೊತೆ ಒಂದಿಷ್ಟು ಮಾತಾಡುವುದು ಅವರ ಅಭ್ಯಾಸ. ಅವತ್ತು ಸಿಕ್ಕವಳು ನಾನು. ಸಾರಿಗೆ ಹುಣಸೆಹಣ್ಣು ಎಷ್ಟು ಕಿವುಚಬೇಕೆಂಬುದು ಜಗಳೂರು ಸೀಮೆಯವರಿಗೆ ಯಾಕೆ ಗೊತ್ತಾಗುವುದಿಲ್ಲ ಎಂಬುದನ್ನು ಅವರು ನನಗೆ ವಿವರಿಸುತ್ತಿದ್ದರು. ಆ ವಿವರಣೆ ಮುಗಿಯುವ ಮೊದಲೇ ಕರು ತಾಯಿಯ ಕಡೆಗೆ ನೆಗೆಯಿತು. ಅತ್ತೆ ಬೀಳಲಿಲ್ಲ, ನಿಂತಲ್ಲೇ ನಿಂತಿದ್ದರು. ಒಣಗಿದ ಜೋಳದ ದಂಟು ಮುರಿದಂಥ ಸದ್ದು ಮಾತ್ರ ಕೇಳಿತು. ನೋಡಿದರೆ ಮಣಿಕಟ್ಟಿಗೂ ಮೊಣಕೈಗೂ ನಡುವೆ, ಕೀಲೇ ಇಲ್ಲದ ಕಡೆ, ಕೈ ಬಾಗಿತ್ತು.

"ಹಗ್ಗ ಬಿಡಿಸೇ ಮೊದ್ಲು. ಬಾಯಿ ಆಮ್ಯಾಲೆ ತಗಿವಂತೆ," ಎಂದರು ಅತ್ತೆ. ಕಿರುಚುತ್ತಿದ್ದವಳು ನಾನು.

ಅದೇ ಕರು ಹಿಂದಿನ ವಾರ ನನ್ನನ್ನು ಅಂಗಳದುದ್ದಕ್ಕೂ ಎಳೆದಾಡಿತ್ತು. ನನಗೆ ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಆದ್ದರಿಂದ ಕರುವನ್ನು ಬೈದು ಉಪಯೋಗವಿರಲಿಲ್ಲ. ಆದರೂ ಮನೆಯವರೆಲ್ಲ ಸರದಿಯ ಮೇಲೆ ಬೈದರು.

ಎರಡನೆಯ ಮಹಾಯುದ್ಧ ಮುಗಿದ ಹೊಸತು ಅದು. ನಾನು ಜಗಳೂರು ಸೀಮೆಯ ಬಿಳಿಚೋಡಿನಲ್ಲಿ ಹುಟ್ಟಿ ಸಾಸ್ವೆಹಳ್ಳಿಗೆ ಸೊಸೆಯಾಗಿ ಬಂದು ಕೆಲವು ವರ್ಷಗಳಾಗಿದ್ದವು. ನಮ್ಮ ಬಿಳಿಚೋಡು ಮಳೆ ನಂಬಿದ ಊರು. ಅಲ್ಲಿ ಜನ ಮೋಡ ನೋಡುತ್ತಾರೆ, ಕುರಿ ಎಣಿಸುತ್ತಾರೆ, ಮಾತು ಕಡಿಮೆ. ಹೊಳೆಯ ದಂಡೆಯ ಸಾಸ್ವೆಹಳ್ಳಿಯಲ್ಲಿ ನೀರಿಗೂ ಬರವಿರಲಿಲ್ಲ, ಮಾತಿಗೂ ಬರವಿರಲಿಲ್ಲ. ನಮ್ಮತ್ತೆ ಮತ್ತು ಅವರ ಓರಗೆಯ ಹೆಂಗಸರು ಮಧ್ಯಾಹ್ನ ಪಡಸಾಲೆಯಲ್ಲಿ ಕೂತರೆ, ಒಂದೊಂದು ಮಾತನ್ನೂ ತೊಳೆದು ಬೆಳಗಿದ ತಂಬಿಗೆಯ ಹಾಗೆ ಎದುರಿಗಿಡುತ್ತಿದ್ದರು. ಈಗ ನಾನು ಆಡುವ ಮಾತಿನಲ್ಲಿ ಬಹುಪಾಲು ಅಲ್ಲಿಂದ ಎತ್ತಿಕೊಂಡದ್ದೇ.

ಕೈ ಮುರಿದರೆ ಯಾರಿಗಾದರೂ ಕಷ್ಟವೇ. ಆದರೆ ಎಡಗೈ ಮುರಿದರೆ ನಮ್ಮತ್ತೆಗೆ ಆಗುವ ಕಷ್ಟವೇ ಬೇರೆ. ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆತನ. ದಿನಾ ಮೈ ತೊಳೆದು, ವಿಭೂತಿ ಹಚ್ಚಿ, ಕೊರಳಲ್ಲಿರುವ ಬೆಳ್ಳಿಯ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯ ಮೇಲಿಟ್ಟುಕೊಂಡು, ಬಲಗೈಯಿಂದ ನೀರು, ಪತ್ರೆ, ಹೂ ಏರಿಸಿ, ಒಂದಷ್ಟು ಹೊತ್ತು ಕಣ್ಣಿಟ್ಟು ನೋಡಿದ ಮೇಲೆಯೇ ಬಾಯಿಗೆ ಅನ್ನ. ಎಡ ಅಂಗೈಯೇ ಗುಡಿ. ಪೀಠವೂ ಅದೇ. ಲಿಂಗವನ್ನು ಬೇರೆಯವರು ಹಿಡಿದುಕೊಡುವ ಹಾಗಿಲ್ಲ, ಮಣೆಯ ಮೇಲೆ ಇಡುವ ಹಾಗಿಲ್ಲ. ಎಳೆಯ ವಯಸ್ಸಿನಲ್ಲಿ ದೀಕ್ಷೆಯಾದಾಗಿನಿಂದ ಅತ್ತೆ ಒಂದು ದಿನವೂ ಇದನ್ನು ತಪ್ಪಿಸಿದವರಲ್ಲ.

ನ್ಯಾಮತಿ ಕಡೆಯಿಂದ ಮೂಳೆ ಕಟ್ಟುವವರೊಬ್ಬರನ್ನು ಕರೆಸಿದೆವು. ಸುತ್ತಲ ಸೀಮೆಯಲ್ಲಿ ಅವರು ಕೂಡಿಸಿದ ಕೈಕಾಲುಗಳು ಬಹಳ. ಗಾಡಿಯಿಂದ ಇಳಿದವರೇ ಬಿದಿರು ದಬ್ಬೆ, ಹಳೆ ಬಟ್ಟೆ, ಉದ್ದಿನ ಹಿಟ್ಟು ಎಲ್ಲ ಹರವಿಕೊಂಡು ಕೊನೆಗೆ ಚೀಲದಿಂದ ಎರಡು ಕೋಳಿಮೊಟ್ಟೆ ತೆಗೆದರು.

"ಅದೇನಪಾ ಅದು?" ಅತ್ತೆ ಕೇಳಿದರು.

"ಮೊಟ್ಟೆ ಬಿಳಿದು ಅವ್ವಾರೆ. ಉದ್ದಿನ ಹಿಟ್ಟಿಗೆ ಕಲಸಿ ಮೆತ್ತಿದ್ರೆ ಕಟ್ಟು ಕಲ್ಲಾಗ್ತೈತೆ."

"ನಮ್ಮನೇಲಿ ಕಲ್ಲಿಗೇನ್ ಕಡಿಮೆ ಇಲ್ಲ. ಅವನ್ನ ಕೋಳಿಗೇ ವಾಪಸ್ ಕೊಡು."

"ಅದಿಲ್ದೆ ಹೆಂಗ್ರವ್ವಾ ಅಂಟೋದು?"

"ನನ್ನ ಸೊಸೆ ಮಾಡಿದ ಮುದ್ದೆ ಐತೆ. ಅದಕ್ಕಿಂತ ಅಂಟು ನ್ಯಾಮತೀಲಿ ಸಿಗಲ್ಲ."

ಆತ ನಕ್ಕುಬಿಟ್ಟರು. ಕೊನೆಗೆ ಗೋಂದು ನೆನೆಸಿ ಹಿಟ್ಟಿಗೆ ಕಲಸಿದರು. ಕಣ್ಣು ಮುಚ್ಚಿಕೊಂಡು ಬೆರಳುಗಳಲ್ಲೇ ಮೂಳೆಯನ್ನು ಹುಡುಕಿ, ಎಳೆದು, ಕೂರಿಸಿ, ದಬ್ಬೆ ಇಟ್ಟು ಸುತ್ತಿದರು. ಅತ್ತೆ ಹಲ್ಲು ಕಚ್ಚಿಕೊಂಡು ಚಾವಣಿಯ ತೊಲೆ ನೋಡುತ್ತಿದ್ದರು. ಹೊರಡುವಾಗ ಆತ ನಮ್ಮ ಯಜಮಾನರನ್ನು ಬಾಗಿಲ ಹೊರಗೆ ಕರೆದು, "ನನ್ನ ಕೈಲಿ ಆದದ್ದು ಮಾಡೀನ್ರಿ. ಆದ್ರೆ ಅವ್ವಾರ ಮೂಳೆ ಬೆಂಡಾಗೈತೆ. ಬೆರಳಿಗೇ ಗೊತ್ತಾಗ್ತೈತೆ. ಕೂಡಿದ್ರೆ ಕೂಡ್ತು," ಎಂದು ಹೇಳಿ ಗಾಡಿ ಹತ್ತಿದರು.

ಬೆಂಡು ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೊರಗಿನಿಂದ ದಪ್ಪ, ಒಳಗೆ ಗಾಳಿ. ನೀರಿಗೆ ಹಾಕಿದರೆ ತೇಲುತ್ತದೆ, ಉಗುರಿನಿಂದ ಒತ್ತಿದರೆ ತಗ್ಗು ಬೀಳುತ್ತದೆ.

ಕಟ್ಟಿನಲ್ಲಿ ಅಂಗೈ ಹೊಟ್ಟೆಯ ಕಡೆಗೆ ಅಡ್ಡಲಾಗಿ ನಿಂತಿತ್ತು. ಅದರ ಮೇಲೆ ಏನೂ ನಿಲ್ಲುವಂತಿರಲಿಲ್ಲ. ಮಠದ ಅಯ್ಯನವರು ಬಂದು ನೋಡಿ, "ತಾಯೀ, ಆಪತ್ತಿಗೆ ಕಟ್ಟಳೆ ಇಲ್ಲ. ಕೊರಳಲ್ಲಿದ್ದ ಹಂಗೇ ಬಲಗೈಯಿಂದ ಕಣ್ಣಿಗೊತ್ಕೊಂಡು ನೀರು ಮುಟ್ಸು. ಅದೂ ಪೂಜೆನೇ," ಎಂದರು. ಅತ್ತೆ ಒಪ್ಪಿದರು. ಆದರೆ ಅವರ ಒಪ್ಪಿಗೆಯಲ್ಲೂ ಅವರದೊಂದು ಕಟ್ಟಳೆ ಇತ್ತು.

ಮಾರನೆಯ ದಿನ ಎರಡು ರೊಟ್ಟಿಯ ಜಾಗದಲ್ಲಿ ಒಂದು ತಿಂದು ಎದ್ದರು. ಯಾಕೆ ಅತ್ತೆ, ಎಂದೆ.

"ಪೂಜೆ ಅರ್ಧ ಆದ್ರೆ ಊಟಾನೂ ಅರ್ಧ. ಇದರಾಗೆ ಕೇಳಾದೇನೈತೆ?"

ಅವರು ಇದನ್ನು ಹಟದ ದನಿಯಲ್ಲಿ ಹೇಳಲಿಲ್ಲ. ಅಕ್ಕಿಗೆ ಎಷ್ಟು ನೀರು ಎಂದು ಹೇಳಿದ ಹಾಗೆ ಹೇಳಿದರು. ಅದಕ್ಕೇ ನನಗೆ ಹೆದರಿಕೆಯಾಯಿತು. ಹಟವಾದರೆ ಕರಗುತ್ತದೆ. ಲೆಕ್ಕ ಕರಗುವುದಿಲ್ಲ.

ಕಟ್ಟು ಬಿಚ್ಚುವ ಹೊತ್ತಿಗೆ ಅತ್ತೆಯ ರವಿಕೆಯ ತೋಳು ಜೋತು ಬೀಳುತ್ತಿತ್ತು. ದಬ್ಬೆ ತೆಗೆದರೆ ಕೈ ನೇರವಾಗಿತ್ತು, ಊತವೂ ಇರಲಿಲ್ಲ. ಆದರೆ ಅಂಗೈ ಮೇಲಾಗಲಿಲ್ಲ. ಅತ್ತೆ ತಿರುಗಿಸಲು ಹೋದರೆ ಭುಜ ತಿರುಗುತ್ತಿತ್ತು, ಸೊಂಟ ತಿರುಗುತ್ತಿತ್ತು, ಅಂಗೈ ಮಾತ್ರ ಅಡ್ಡಲಾಗಿಯೇ ಇತ್ತು. ಮುರಿದ ಜಾಗದಲ್ಲಿ ಮೂಳೆ ಇನ್ನೂ ಮೆತ್ತಗೆ ಅಲುಗುತ್ತಿತ್ತು. ನ್ಯಾಮತಿಯವರು ಮತ್ತೆ ಬಂದು ಮುಟ್ಟಿ ನೋಡಿ, "ಇದು ನನ್ನ ಕೈ ಮೀರಿದ್ದು. ಡಾಕ್ಟ್ರಿಗೆ ತೋರ್ಸಿ," ಎಂದು ನೇರವಾಗಿಯೇ ಹೇಳಿದರು. ಆ ಮಾತಿಗೆ ನಾನು ಇವತ್ತಿಗೂ ಅವರಿಗೆ ಕೈ ಮುಗಿಯುತ್ತೇನೆ. ಆಗುವುದಿಲ್ಲ ಎಂದು ಹೇಳಲೂ ಕಸುಬು ಬೇಕು.

ಹೊನ್ನಾಳಿಯ ದವಾಖಾನೆಯಲ್ಲಿ ತೋರಿಸಿದರೆ, ಫೋಟೋ ಹಿಡಿಸಬೇಕು, ದಾವಣಗೆರೆಗೆ ಹೋಗಿ ಎಂದರು. ಹೊನ್ನಾಳಿಯಲ್ಲಿ ಇದ್ದಿಲು ಗ್ಯಾಸಿನ ಬಸ್ಸು ಹತ್ತಿದೆವು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸಿನ ಹಿಂದೆ ಒಲೆ ಕಟ್ಟಿದ್ದರಲ್ಲ, ಆ ಒಲೆ ಇನ್ನೂ ಇಳಿದಿರಲಿಲ್ಲ. ಏರು ಬಂದಲ್ಲೆಲ್ಲ ಗಂಡಸರು ಇಳಿದು ತಳ್ಳಬೇಕು. ಅತ್ತೆ ಕಿಟಕಿಯಿಂದ ತಲೆ ಹಾಕಿ ತಳ್ಳುವವರಿಗೆ ಹುರುಪು ಹೇಳುತ್ತಿದ್ದರು. "ಅರ್ಧ ಉಂಡ ನಾನೇ ಇಳಿದು ತಳ್ಳಬೇಕೇನ್ರೋ?"

ದಾವಣಗೆರೆಯಲ್ಲಿ ನಮಗೆ ಸಿಕ್ಕ ಡಾಕ್ಟರು ಯುದ್ಧದ ಕೆಲಸ ಮುಗಿಸಿ ಬಂದವರು. ಮೈಸೂರಿನ ಕಡೆಯ ನಯವಾದ ಮಾತು, ಮಿಲಿಟರಿಯ ನಡಿಗೆ. ಎಕ್ಸ್‌ರೇ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನೋಡಿ ಅಮ್ಮ, ಮುಂಗೈಯಲ್ಲಿ ಎರಡು ಮೂಳೆ ಇರುತ್ತೆ. ಕಿರುಬೆರಳ ಕಡೆಯದು ಕಂಬ. ಹೆಬ್ಬೆರಳ ಕಡೆಯದು ಬಾಗಿಲು. ಅಂಗೈ ಮೇಲೆ ಕೆಳಗೆ ಆಗೋದು ಈ ಬಾಗಿಲು ಕಂಬದ ಸುತ್ತ ತಿರುಗಿದಾಗ. ನಿಮ್ಮದು ಬಾಗಿಲು ಮುರಿದಿದೆ. ಮುರಿದ ಎರಡು ತುಂಡೂ ಒಂದಕ್ಕೊಂದು ಎದುರಾಗಿಲ್ಲ. ತೆರೆದು, ಸರಿಯಾಗಿ ಕೂರಿಸಿ, ಪ್ಲೇಟ್ ಹಾಕಬೇಕು."

ಪ್ಲೇಟ್ ಹಾಕುವುದು ಎಂದರೇನೆಂದು ಅವರು ನಮ್ಮ ಯಜಮಾನರಿಗೆ ತೋರಿಸಿಯೂ ತೋರಿಸಿದರು. ತೂತುಗಳಿರುವ ತೆಳ್ಳಗಿನ ಉಕ್ಕಿನ ಪಟ್ಟಿ, ಅದಕ್ಕೆ ಸಣ್ಣ ಸಣ್ಣ ತಿರುಪುಗಳು. ಮಿಲಿಟರಿಯ ಮಿಕ್ಕ ಸಾಮಾನಿನ ಜೊತೆ ಬಂದದ್ದಂತೆ. "ಆದರೆ ಈ ಮೂಳೆಯಲ್ಲಿ ತಿರುಪು ನಿಲ್ಲುತ್ತೆ ಅಂತ ನಾನು ಮಾತು ಕೊಡಲಾರೆ. ಹಿಡಿಯದೆ ಕಿತ್ತು ಬಂದರೆ ಈಗಿರೋದಕ್ಕಿಂತ ಕೈ ಕೆಡುತ್ತೆ. ಯೋಚನೆ ಮಾಡಿ ಹೇಳಿ," ಎಂದರು.

ನಮ್ಮ ಯಜಮಾನರು ತಾವೊಬ್ಬರೇ ಹೂಂ ಎನ್ನಲಿಲ್ಲ. ಹೆಂಗಸಿನ ಮೈಗೆ ಕತ್ತಿ ಹಾಕಿಸುವುದೆಂದರೆ ತವರಿನವರ ಒಂದು ಮಾತು ಬೇಡವೇ? ಅತ್ತೆಯ ತಮ್ಮ ಚನ್ನಗಿರಿಯಲ್ಲಿ ಜವಳಿ ಅಂಗಡಿ ಇಟ್ಟಿದ್ದರು. ಅವರಿಗೆ ಚನ್ನಗಿರಿ ಬಸ್ಸಿನ ಕಂಡಕ್ಟರನ ಬಾಯಲ್ಲಿ ಹೇಳಿ ಕಳಿಸಿದರು: "ನಿಮ್ಮ ಅಕ್ಕ ಸರಿಯಾಗಿ ಉಣ್ತಿಲ್ಲ, ಆಸ್ಪತ್ರೇಲಿ ಅದಾರೆ. ಡಾಕ್ಟ್ರು ಪ್ಲೇಟ್ ಹಾಕ್ಬೇಕು ಅಂತಾರೆ. ಕೂಡ್ಲೇ ಬರ್ಬೇಕಂತೆ."

ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಕಂಡಕ್ಟರನೂ ಒಂದಕ್ಷರ ಬಿಡದೆ ಮುಟ್ಟಿಸಿದ.

ಮಾರನೆಯ ದಿನ ಮಧ್ಯಾಹ್ನ ಆಸ್ಪತ್ರೆಯ ಜಗಲಿಯಲ್ಲಿ ಗದ್ದಲವೆದ್ದಿತು. ನೋಡಿದರೆ ಅತ್ತೆಯ ತಮ್ಮ, ಬೆವರಿನಲ್ಲಿ ತೊಯ್ದು ಬರುತ್ತಿದ್ದಾರೆ. ಹಿಂದೆ ಒಬ್ಬ ಹಮಾಲಿಯ ತಲೆಯ ಮೇಲೆ ಗ್ರಾಮಫೋನಿನ ಪೆಟ್ಟಿಗೆ. ಅದರ ಹಿತ್ತಾಳೆಯ ಕಹಳೆ ಇವರ ಕಂಕುಳಲ್ಲಿ. ಇನ್ನೊಂದು ಕೈಯಲ್ಲಿ ಕಂಬಳಿಯಲ್ಲಿ ಸುತ್ತಿದ, ಹಾಲುಗೂಸಿನ ಹಾಗೆ ಎದೆಗವಚಿಕೊಂಡ ಒಂದು ಗಂಟು.

ಆ ಕಾಲದಲ್ಲಿ ನಮ್ಮ ಕಡೆ ಪ್ಲೇಟು ಎಂದರೆ ಗ್ರಾಮಫೋನಿನ ಪ್ಲೇಟು. ಬೇರೆ ಅರ್ಥವೇ ಇರಲಿಲ್ಲ. "ಒಂದು ಪ್ಲೇಟ್ ಹಾಕ್ರಿ" ಎಂದರೆ ಒಂದು ಹಾಡು ಕೇಳಿಸಿ ಎಂದು. ನಮ್ಮ ಬಂಧುಬಳಗದಲ್ಲಿ ಗ್ರಾಮಫೋನು ಇದ್ದದ್ದು ಇವರೊಬ್ಬರ ಹತ್ತಿರ. ಗಿರಾಕಿಗಳು ಹಾಡಿಗೆ ನಿಂತು ಸೀರೆ ನೋಡಲೆಂದು ಅಂಗಡಿಯಲ್ಲಿಟ್ಟಿದ್ದರು. ಅಕ್ಕ ಉಣ್ಣುತ್ತಿಲ್ಲ, ಡಾಕ್ಟರು ಪ್ಲೇಟ್ ಹಾಕಬೇಕು ಎನ್ನುತ್ತಾರೆ, ಅದೂ ತನ್ನನ್ನೇ ಕರೆಯುತ್ತಾರೆ ಎಂದರೆ ಅವರು ಬೇರೆ ಏನೆಂದುಕೊಳ್ಳಬೇಕು? ಇದ್ದ ಪ್ಲೇಟುಗಳನ್ನೆಲ್ಲ ಕಂಬಳಿಯಲ್ಲಿ ಸುತ್ತಿಕೊಂಡು, ಅಂಗಡಿಗೆ ಬೀಗ ಹಾಕಿ ಬಂದಿದ್ದರು.

"ಅಕ್ಕಾ, ಮನಸ್ಸಿಗೆ ಹಚ್ಕಂಡಿಯೇನೇ? ನೀನು ಅನ್ನ ಬಿಟ್ಟಿದ್ದು ಕೇಳಿ ನನ್ ಕರುಳು ಕಿತ್ತು ಬಂತು," ಎಂದು ಕಣ್ಣೊರೆಸಿಕೊಂಡು, ಬಾಗಿಲಲ್ಲಿ ನಿಂತಿದ್ದ ಡಾಕ್ಟರ ಕಡೆ ತಿರುಗಿದರು. "ಎಲ್ಲಿ ಇಡಲಿ ಸ್ವಾಮಿ? ವಚನದ್ದು ಐತೆ, ನಾಟಕದ್ದು ಐತೆ. ತಾವು ಯಾವುದು ಹಾಕು ಅಂತೀರೋ ಅದು. ಹೊತ್ತಿಗೆ ಎಷ್ಟು ಸಲ ಅಂತಾನೂ ಹೇಳ್ಬಿಡ್ರಿ."

ಡಾಕ್ಟರಿಗೆ ಮೊದಲು ಏನೂ ತಿಳಿಯಲಿಲ್ಲ. ತಿಳಿದ ಮೇಲೆ ಅವರು ಗೋಡೆ ಹಿಡಿದುಕೊಂಡರು. ನರ್ಸಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಅತ್ತೆಯಂತೂ ಮುರಿದ ಕೈಯನ್ನು ಬಲಗೈಯಲ್ಲಿ ಹಿಡಿದುಕೊಂಡು, "ಅಯ್ಯೋ ತಮ್ಮಾ, ನಗಿಸಬ್ಯಾಡೋ, ಮೂಳೆ ಅಲುಗ್ತಾವೆ!" ಎಂದು ನೀರಾಡುವ ಕಣ್ಣಲ್ಲಿ ನಕ್ಕರು. ಆ ಕೈ ಮುರಿದ ಮೇಲೆ ಅವರು ಅಷ್ಟು ನಕ್ಕದ್ದು ಅದೇ ಮೊದಲು. ಅಕ್ಕನ ನಗು ನೋಡಿ ತಮ್ಮ, ಪ್ಲೇಟು ಹಾಕುವ ಮೊದಲೇ ಗುಣವಾಯಿತಲ್ಲ ಎಂದು ತಾವೂ ನಕ್ಕರು.

ಹಮಾಲಿ ಪೆಟ್ಟಿಗೆಯನ್ನು ಬೆಂಚಿನ ಮೇಲಿಳಿಸಿದಾಗ ಮುಚ್ಚಳದ ಒಂದು ಕೀಲು ಕಳಚಿ ತಿರುಪು ಕೆಳಗೆ ಬಿತ್ತು. ಮರಕ್ಕೆ ಹುಳ ಹಿಡಿದಿತ್ತು. ಡಾಕ್ಟರು ಆ ತಿರುಪನ್ನು ಎತ್ತಿಕೊಂಡು ತೂತಿಗೆ ಇಟ್ಟು ಹೆಬ್ಬೆರಳಲ್ಲಿ ತಿರುವಿದರು. ಅದು ಸುಮ್ಮನೆ ಸುತ್ತುತ್ತಲೇ ಇತ್ತು.

"ಅಮ್ಮ, ಇಲ್ಲಿ ನೋಡಿ. ನನ್ನ ಚಿಂತೆ ಇದೇ," ಎಂದರು, ಈಗ ನಗದೆ. "ತಿರುಪಿಗೆ ಬಲ ಇರೋದು ಅದು ಕಚ್ಚುವ ಗೋಡೆಯಲ್ಲಿ. ವಯಸ್ಸಾದ ಹೆಂಗಸರ ಮೂಳೆ ಒಳಗೊಳಗೇ ಸವೆಯುತ್ತೆ. ಹೊರಗಿನ ಗೋಡೆ ಹಪ್ಪಳದಷ್ಟು ತೆಳ್ಳಗಾಗುತ್ತೆ, ನಡುವೆ ಏನೂ ಇರೋದಿಲ್ಲ."

"ಬೆಂಡು," ಎಂದರು ಅತ್ತೆ.

"ಬೆಂಡು. ಅದಕ್ಕೇ ನಾನು ಏನು ಮಾಡ್ತೀನಿ ಅಂದರೆ, ಉದ್ದದ ಪಟ್ಟಿ ಹಾಕ್ತೀನಿ. ಭಾರ ಒಂದೇ ಕಡೆ ಬೀಳಬಾರದು, ದೂರ ದೂರದ ತಿರುಪುಗಳು ಹಂಚಿಕೊಳ್ಳಬೇಕು. ಒಂದೊಂದು ತಿರುಪೂ ಈಚೆ ಗೋಡೆ ದಾಟಿ, ಪೊಳ್ಳು ದಾಟಿ, ಆಚೆ ಗೋಡೆಯನ್ನೂ ಕಚ್ಚಬೇಕು. ಎರಡು ಕಡೆ ಕಚ್ಚಿದರೆ ಬೆಂಡಿನಲ್ಲೂ ನಿಲ್ಲಬಹುದು. ಮೇಲೆ ಸಿಮೆಂಟಿನ ಹಾಗಿರೋ ಪಟ್ಟು ಹಾಕಿ ಬಹಳ ದಿನ ಅಲುಗದ ಹಾಗೆ ಇಡ್ತೀನಿ. ಪ್ಲೇಟು ಮೂಳೆಯನ್ನ ಕೂಡಿಸೋದಿಲ್ಲ ಅಮ್ಮ. ಹಿಡಿದು ನಿಲ್ಲಿಸುತ್ತೆ ಅಷ್ಟೆ. ಕೂಡೋ ಕೆಲಸ ಮೂಳೆಯದೇ."

ನಮ್ಮ ಯಜಮಾನರು ಮುಂದೆ ಬಂದು, "ಅವ್ವಾ, ಬ್ಯಾಡ ಬಿಡು. ಕೆಟ್ಟರೆ ಏನ್ ಮಾಡಾಕೆ ಆಗ್ತೈತೆ? ಉಣ್ಣಾಕೆ ಬಲಗೈ ಗಟ್ಟಿ ಐತಲ್ಲ," ಎಂದರು.

ಅತ್ತೆ ಮಗನನ್ನು ನೋಡಿದರು. "ಉಣ್ಣಾಕೆ ಬಲಗೈ ಐತೆ ಕಣಪ್ಪಾ. ಉಣ್ಣೋಕಿಂತ ಮುಂಚಿನ ಕೆಲ್ಸಕ್ಕೆ ಎಡಗೈ ಬೇಕು."

ಆಮೇಲೆ ತಮ್ಮನ ಕಡೆ ತಿರುಗಿ, "ನೀ ಏನಂತೀಯೋ?" ಎಂದು ಕೇಳಿದರು. ತವರಿನ ಮರ್ಯಾದೆಗೆ ಕೇಳಿದ್ದು. ಅವರೇನೆಂದರೂ ಇವರು ಆಗಲೇ ನಿಶ್ಚಯಿಸಿಯಾಗಿತ್ತು. ತಮ್ಮ ಕಂಬಳಿಯ ಗಂಟನ್ನು ಇನ್ನೂ ಎದೆಗವಚಿಕೊಂಡೇ, "ನಾನು ತಂದಿರೋ ಪ್ಲೇಟ್ ಹಾಕಿದ್ರೂ ಸರಿ, ಅವರು ಇಟ್ಟಿರೋ ಪ್ಲೇಟ್ ಹಾಕಿದ್ರೂ ಸರಿ. ನೀನು ಉಣ್ಣಂಗಾಗ್ಬೇಕು ಅಷ್ಟೇ ಅಕ್ಕಾ," ಎಂದರು.

"ಹಾಕ್ರಿ ಡಾಕ್ಟ್ರೇ," ಎಂದು ಅತ್ತೆ ಕಡ್ಡಿ ಮುರಿದ ಹಾಗೆ ಹೇಳಿದರು. "ಆದ್ರೆ ಒಂದ್ ಮಾತು. ನಾಳೆ ನನ್ನ ಮಣ್ಣು ಮಾಡೋವಾಗ ಆ ಕಬ್ಬಿಣ ಬಿಚ್ಕೊಂತೀರೋ, ನನ್ ಕೂಡೇ ಬಿಡ್ತೀರೋ?"

"ನೀವೇ ಇಟ್ಟುಕೊಳ್ಳಿ ಅಮ್ಮ. ತುಕ್ಕು ಹಿಡಿಯೋ ಜಾತಿಯದಲ್ಲ."

"ಹಂಗಾದ್ರೆ ನನಗಿಂತ ಮೇಲು."

ಹೊತ್ತು ತಂದದ್ದು ವ್ಯರ್ಥವಾಗಬಾರದೆಂದು ಅವತ್ತು ಸಂಜೆ ಜಗಲಿಯಲ್ಲಿ ಚನ್ನಗಿರಿಯ ಪ್ಲೇಟೂ ಒಂದು ಹಾಕಿಸಿದರು ಡಾಕ್ಟರು. ಮುಚ್ಚಳದ ಕಳಚಿದ ಕೀಲನ್ನು ಒಬ್ಬರು ಹಿಡಿದುಕೊಂಡಿರಬೇಕಾಯಿತು. ಕಾಲು ಮುರಿದವರು, ಹೊಟ್ಟೆ ಕೊಯ್ಸಿಕೊಂಡವರು ಎಲ್ಲ ಮಂಚದಿಂದಲೇ ತಲೆ ಹಾಕಿದರು.

ಕೊಯ್ಯುವ ದಿನ ಬೆಳಿಗ್ಗೆ ಇನ್ನೊಂದು ತೊಡಕು ಎದ್ದಿತು. ನರ್ಸಮ್ಮ ಬಂದು, ಬಳೆ, ಓಲೆ, ಮೂಗುತಿ, ಕೊರಳಿನ ದಾರ ಏನಿದ್ದರೂ ತೆಗೆಯಬೇಕೆಂದಳು. ಅತ್ತೆ ಬಳೆ ತೆಗೆದರು, ಓಲೆಯ ತಿರುಪು ಬಿಚ್ಚಿದರು, ಮೂಗುತಿ ತೆಗೆದು ನನ್ನ ಸೆರಗಿಗೆ ಕಟ್ಟಿದರು. ಕರಡಿಗೆಯನ್ನು ಮಾತ್ರ ಅಂಗೈಯಿಂದ ಮುಚ್ಚಿಕೊಂಡರು.

"ಅದನ್ನೂ ತಗೀರಿ ಅಮ್ಮಾ."

"ಇದು ವಡವೆ ಅಲ್ಲ ಮಗಾ. ಉಸಿರು ಇರೋ ತಂಕ ಇದು ಮೈ ಬಿಡಂಗಿಲ್ಲ."

"ಎಲ್ಲರೂ ತಗೀತಾರೆ."

"ಎಲ್ಲರಿಗೂ ಹೇಳು ನಾನು ಕೇಳ್ದೆ ಅಂತ."

ನರ್ಸಮ್ಮ ಹೋಗಿ ಡಾಕ್ಟರನ್ನು ಕರೆತಂದಳು. ಅವರು ಬೈಯುತ್ತಾರೇನೋ ಎಂದು ನಾವು ಕಾದರೆ, ಅವರು ಮಂಚದ ಪಕ್ಕ ಕೂತು, "ಕೊರಳಲ್ಲೇ ಇರಬೇಕಾ ಅಮ್ಮ? ಬೇರೆ ಎಲ್ಲೂ ಇರಬಾರದಾ?" ಎಂದು ಕೇಳಿದರು.

ಅತ್ತೆ ಯೋಚಿಸಿದರು. "ಹೊಕ್ಕುಳಿಂದ ಕೆಳಗೆ ಇಳೀಬಾರ್ದು. ತಲೆ ಮ್ಯಾಲೆ ಕಟ್ಕಬಹುದು."

"ಹಾಗಾದರೆ ತಲೆಗೇ ಕಟ್ಟಿ. ಬಟ್ಟೆ ನಾನು ಕುದಿಸಿ ಕೊಡ್ತೀನಿ. ನನಗೆ ಬೇಕಾಗಿರೋದು ನಿಮ್ಮ ಕೈ."

ಕುದಿಸಿದ ಬಿಳಿ ಬಟ್ಟೆಯಲ್ಲಿ ಕರಡಿಗೆಯನ್ನು ಸುತ್ತಿ, ಅತ್ತೆಯ ನೆತ್ತಿಯ ಮೇಲಿಟ್ಟು ಗದ್ದದ ಕೆಳಗೆ ಗಂಟು ಹಾಕಿದವಳು ನಾನು. ಮದುಮಗನ ಪೇಟದ ಹಾಗೆ ಕಾಣುತ್ತಿತ್ತು. "ಹೆಂಗ್ ಕಾಣ್ತೀನೇ?" ಎಂದರು. "ಶ್ಯಾನುಭೋಗರ ಹಂಗೆ," ಎಂದೆ. ಅವರನ್ನು ತಳ್ಳುವ ಗಾಡಿಯಲ್ಲಿ ಒಳಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚುವವರೆಗೂ ನಗುತ್ತಿದ್ದವಳು, ಮುಚ್ಚಿದ ಮೇಲೆ ನಾನು ನೆಲದ ಮೇಲೆ ಕೂತುಬಿಟ್ಟೆ. ಅತ್ತೆಯ ತಮ್ಮ ಜಗಲಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆದರು. ನಮ್ಮ ಯಜಮಾನರು ಬಾಯಿಗಿಟ್ಟ ಎಲೆಯಡಿಕೆಯನ್ನು ಅಗಿಯುವುದನ್ನೇ ಮರೆತು ಕೂತಿದ್ದರು.

ಡಾಕ್ಟರು ಹೊರಗೆ ಬಂದಾಗ ಅವರ ಮುಖ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. "ಕೂರಿಸಿದ್ದೇನೆ," ಎಂದರು. "ಒಂದು ತಿರುಪು ಮೊನ್ನೆಯ ಪೆಟ್ಟಿಗೆಯ ತಿರುಪಿನ ಹಾಗೇ ಸುತ್ತಿತು. ತೆಗೆದು ಆ ತೂತು ಖಾಲಿ ಬಿಟ್ಟೆ. ಮಿಕ್ಕವೆಲ್ಲ ಆಚೆ ಗೋಡೆಯನ್ನೂ ಕಚ್ಚಿವೆ. ನಾನೇ ಎಳೆದು ನೋಡಿದೆ, ಬರಲಿಲ್ಲ. ಇನ್ನು ಮೂಳೆ ಉಂಟು, ದಿನ ಉಂಟು."

ಕ್ಲೋರೋಫಾರಂ ಇಳಿದು ಅತ್ತೆಗೆ ಪೂರ್ತಿ ಎಚ್ಚರವಾದಾಗ ಮೊದಲು ಬಲಗೈಯಿಂದ ನೆತ್ತಿ ಮುಟ್ಟಿ ನೋಡಿಕೊಂಡರು. ಆಮೇಲೆ ಎಡಗೈ ನೋಡಿದರು. ಮೊಣಕೈಯಿಂದ ಮೇಲೆ ಶುರುವಾಗಿ ಬೆರಳ ಬುಡದವರೆಗೆ ಬಿಳಿ ಪಟ್ಟು. ಅದರಲ್ಲಿ ಅಂಗೈ ಆಕಾಶಕ್ಕೆ ಮುಖ ಮಾಡಿ ನಿಂತಿತ್ತು. ಮುರಿದ ಜಾಗ ಮೊಣಕೈಗೆ ಹತ್ತಿರ, ಅದಕ್ಕೆ ಅಂಗೈ ಹೀಗೆ ಮೇಲಾಗಿಯೇ ಇರಬೇಕು ಎಂದು ಡಾಕ್ಟರು ಹೇಳಿದರು. ಅತ್ತೆ ಕೇಳಿಸಿಕೊಳ್ಳಲಿಲ್ಲ. ಬಹಳ ದಿನಗಳ ಮೇಲೆ ಮನೆಗೆ ಬಂದವರನ್ನು ನೋಡುವ ಹಾಗೆ ಆ ಅಂಗೈಯನ್ನೇ ನೋಡುತ್ತಿದ್ದರು. ಕೊನೆಗೆ, "ತಿರುಪು ಹಾಕಿಸ್ಕಂಡು ತಿರುಪೆ ಎತ್ತೋ ಹಂಗಾತಲ್ಲೇ ನನ್ ಕೈ!" ಎಂದರು.

ನನಗೆ ಅಷ್ಟು ಸಾಕಾಯಿತು. ಮಾತು ಬಂತೆಂದರೆ ಅತ್ತೆ ಬಂದರು ಎಂದೇ ಲೆಕ್ಕ.

ಇನ್ನೇನು, ಅಂಗೈ ಮೇಲಾಯಿತಲ್ಲ, ಪೂಜೆಗೂ ಊಟಕ್ಕೂ ಅಡ್ಡಿಯಿಲ್ಲ ಎಂದು ನಾನಂದುಕೊಂಡೆ. ಸಾಸ್ವೆಹಳ್ಳಿಗೆ ವಾಪಸು ಬಂದು ಮೊದಲ ದಿನ ಹೂ, ಪತ್ರೆ ಎಲ್ಲ ಅಣಿ ಮಾಡಿ ಕೊಟ್ಟೆ. ಅತ್ತೆ ಲಿಂಗವನ್ನು ಬಲಗೈಯಲ್ಲಿ ಹಿಡಿದು ಎಡಗೈಯ ಹತ್ತಿರಕ್ಕೆ ತಂದವರು ನಿಂತರು. ಅಂಗೈಯ ತಗ್ಗೆಲ್ಲ ಪಟ್ಟಿನ ಸುಣ್ಣದಲ್ಲಿ ಮುಚ್ಚಿತ್ತು.

"ಇದರ ಮ್ಯಾಲೆ ಇಟ್ರೆ ಗೋಡೆ ಮ್ಯಾಲೆ ಇಟ್ಟಂಗೆ. ಅಂಗೈ ಬಿಸಿ ತಾಗಬೇಕು," ಎಂದರು. ಪಟ್ಟಿನಿಂದ ಹೊರಗೆ ಉಳಿದಿದ್ದ ನಾಲ್ಕು ಬೆರಳುಗಳ ತುದಿಗೆ ಲಿಂಗವನ್ನು ತಾಗಿಸಿ, ಬಲಗೈ ಬಿಡದೆಯೇ ನೀರು ಮುಟ್ಟಿಸಿ, ಮತ್ತೆ ಕಟ್ಟಿಕೊಂಡರು. ಊಟಕ್ಕೆ ಕೂತು, ಒಂದೂವರೆ ರೊಟ್ಟಿ ತಿಂದು ಎದ್ದರು.

"ಇದೇನತ್ತೆ ಹೊಸ ಲೆಕ್ಕ?"

"ಬೆರಳಿಗೆ ಸಿಕ್ಕೈತೆ, ಅಂಗೈಗೆ ಸಿಕ್ಕಿಲ್ಲ. ಮುಕ್ಕಾಲು ಪೂಜೆ, ಮುಕ್ಕಾಲು ಊಟ."

ಹಾಗೆಯೇ ದಿನ ಕಳೆದವು. ಪಟ್ಟಿನೊಳಗೆ ಕೆರೆತ ಬಂದಾಗ ಅತ್ತೆ ಕಡ್ಡಿ ತೂರಿಸಲು ಹೋಗುವುದು, ನಾನು ಕಡ್ಡಿ ಕಿತ್ತುಕೊಳ್ಳುವುದು. ಅವರನ್ನು ನೋಡಲು ಬಂದ ಹೆಂಗಸರೆಲ್ಲ ಪಟ್ಟನ್ನು ಬೆರಳಿಂದ ಬಡಿದು ನೋಡುವುದು. ಒಳಗಿನ ಉಕ್ಕು ಮಳೆಗಾಲದಲ್ಲಿ ಜುಮುಗುಡುತ್ತಾ, ಸಿಡಿಲಿಗೆ ಎಳೆಯುತ್ತಾ ಎಂದು ಕೇಳುವುದು. ಅತ್ತೆ ಒಬ್ಬೊಬ್ಬರಿಗೂ ಬಾಗಿಲು, ಕಂಬ, ಈಚೆ ಗೋಡೆ, ಆಚೆ ಗೋಡೆ ಎಲ್ಲ ಬಿಡಿಸಿ ಹೇಳುತ್ತಿದ್ದರು. ಹೇಳುತ್ತ ಹೇಳುತ್ತ ಆ ಪ್ಲೇಟಿನ ಉದ್ದವೂ ಬೆಳೆಯುತ್ತಿತ್ತು. ತಿರುಪು ನಿಲ್ಲುತ್ತದೋ ಇಲ್ಲವೋ ಎಂದು ಅವರು ಎಂದೂ ಅನುಮಾನದಿಂದ ಮಾತಾಡಲಿಲ್ಲ. ಆದರೆ ಯಾರೂ ಇಲ್ಲದಾಗ ಪಟ್ಟಿನ ಕೈಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಿಸಿ ಕೇಳುವುದನ್ನು ನಾನು ನೋಡಿದ್ದೇನೆ.

ಪಟ್ಟು ಬಿಚ್ಚುವ ದಿನ ದಾವಣಗೆರೆಯಲ್ಲಿ ದೊಡ್ಡ ಕತ್ತರಿ ಕರಕರ ಎನ್ನುವಾಗ ಅತ್ತೆ ಅದರ ಬಾಯನ್ನೇ ನೋಡುತ್ತಿದ್ದರು. ಒಳಗಿನಿಂದ ಬಂದ ಕೈ ಸಿಪ್ಪೆ ಸುಲಿದ ಕಬ್ಬಿನ ಹಾಗೆ ಬೆಳ್ಳಗೆ, ಸಣ್ಣಗೆ ಇತ್ತು. ಉದ್ದಕ್ಕೆ ಒಂದು ಗೆರೆಯ ಗಾಯ. ಮತ್ತೆ ಫೋಟೋ ಹಿಡಿದರು. ಡಾಕ್ಟರು ಅದನ್ನು ಕಿಟಕಿಗೆ ಹಿಡಿದು ನನ್ನನ್ನೂ ಕರೆದರು. ಬೆಳ್ಳಗಿನ ಪಟ್ಟಿ, ಅದಕ್ಕೆ ಬಾಚಣಿಗೆಯ ಹಲ್ಲುಗಳ ಹಾಗೆ ತಿರುಪುಗಳು. ಪ್ರತಿಯೊಂದರ ತುದಿಯೂ ಮೂಳೆಯ ಆಚೆ ಗೋಡೆಯಿಂದ ಚೂರು ಹೊರಗೆ ಇಣುಕಿತ್ತು. ಮುರಿದ ಜಾಗದಲ್ಲಿ ಮೋಡದಂಥದೇನೋ ಕಟ್ಟಿಕೊಂಡಿತ್ತು.

"ಆ ಮೋಡವೇ ಹೊಸ ಮೂಳೆ. ಕೂಡಿದೆ," ಎಂದರು ಡಾಕ್ಟರು. "ಅಮ್ಮ, ಅಂಗೈ ಮಗುಚಿ ನೋಡೋಣ."

ಇಷ್ಟು ದಿನ ಮೇಲಾಗಿ ನಿಂತ ಅಂಗೈ ಈಗ ಕೆಳಗಾಗಲೊಲ್ಲದು. ಅರ್ಧಕ್ಕೆ ಬಂದು ನಿಂತಿತು. ಡಾಕ್ಟರ ಹುಬ್ಬು ಗಂಟಾಯಿತು. "ದಿನಾ ಬಿಸಿನೀರಲ್ಲಿ ಇಟ್ಟು ಮೆಲ್ಲಗೆ ತಿರುಗಿಸಿ. ಬರುತ್ತೆ. ರೊಟ್ಟಿ ತಟ್ಟೋದಕ್ಕೆ ಅಂಗೈ ಕೆಳಗಾಗಲೇಬೇಕಲ್ಲ."

"ರೊಟ್ಟಿ ತಟ್ಟಾಕೆ ಬಿಳಿಚೋಡಿಂದ ಎರಡು ಕೈ ತಂದೀನಿ," ಎಂದು ಅತ್ತೆ ನನ್ನ ಕಡೆ ಗದ್ದ ತೋರಿಸಿದರು. "ನೀವು ಮೇಲಾಗೋದು ಹೇಳ್ರಿ ಡಾಕ್ಟ್ರೇ. ಮೇಲಾಗಿರೋದು ಮೇಲೇ ಇರ್ತೈತಾ?"

"ಇರುತ್ತೆ. ಆದರೆ ಕೈಯಲ್ಲಿ ಬಲ ಇಲ್ಲ. ಸದ್ಯಕ್ಕೆ ತಂಬಿಗೆ ಕೂಡ ಎತ್ತಬೇಡಿ."

"ತಂಬಿಗೆ ಎತ್ತಲ್ಲ," ಎಂದರು ಅತ್ತೆ.

ಮಾರನೆಯ ಬೆಳಿಗ್ಗೆ ಮನೆಯಲ್ಲಿ ಅವರು ಮೈ ತೊಳೆದು ಬರುವ ಹೊತ್ತಿಗೆ ನಾನು ಮಣೆ ಹಾಕಿಟ್ಟಿದ್ದೆ. ಬಲಗೈಯಿಂದ ಕರಡಿಗೆ ಬಿಚ್ಚಿ ಲಿಂಗವನ್ನು ತೆಗೆದರು. ಎಡಗೈಯನ್ನು ತೊಡೆಯ ಮೇಲಿಂದ ಮೆಲ್ಲಗೆ ಎತ್ತಿದರು. ಅದು ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿತ್ತು. ಮಾಂಸವೆಲ್ಲ ಇಳಿದು ಮಣಿಕಟ್ಟಿನ ಗಂಟು ಎದ್ದು ಕಾಣುತ್ತಿತ್ತು. ಅಂಗೈಯ ನಡುವೆ ಲಿಂಗವನ್ನಿಟ್ಟು ಬಲಗೈಯನ್ನು ಬಿಟ್ಟರು. ನನಗೆ ತಡೆಯಲಾಗಲಿಲ್ಲ. ಮುಂದೆ ಬಾಗಿ, ಜಾರಿದರೆ ಹಿಡಿಯೋಣವೆಂದು, ಅವರ ಕೈಯ ಕೆಳಗೆ ನನ್ನ ಕೈಯನ್ನು ಒಡ್ಡಿದೆ. ತಾಗಿಸಿರಲಿಲ್ಲ.

ಅತ್ತೆ ಕಣ್ಣೆತ್ತಲಿಲ್ಲ. "ಕೈ ತಗಿ. ಕೆಳಗೆ ನಿನ್ ಕೈ ಇದ್ರೆ ಅದು ನಿನ್ ಪೂಜೆ ಆಗ್ತೈತೆ."

ತೆಗೆದೆ. ಅವರು ಬಟ್ಟಲಿನಿಂದ ನೀರು ಎರೆದರು. ನಡುಗುವ ಅಂಗೈಯ ತಗ್ಗಿನಲ್ಲಿ ನೀರು ಲಿಂಗದ ಸುತ್ತ ಅಲುಗಾಡಿತು, ಹೆಬ್ಬೆರಳ ಕಡೆಗೆ ಒಂದಿಷ್ಟು ವಾಲಿತು, ಮತ್ತೆ ನಡುವಿಗೆ ಬಂತು. ಚೆಲ್ಲಲಿಲ್ಲ. ಪತ್ರೆ ಏರಿಸಿದರು. ಹೂವಿಟ್ಟರು. ಆಮೇಲೆ ಎಂದಿನ ಹಾಗೆ, ಎಂದಿಗಿಂತ ಬಹಳ ಹೊತ್ತು, ನೋಡುತ್ತ ಕೂತರು. ಬೀದಿಯಲ್ಲಿ ಎಮ್ಮೆಗಳು ಹೊಳೆಯ ಕಡೆ ಹೋದವು. ನಮ್ಮ ಯಜಮಾನರು ಬಾಗಿಲವರೆಗೆ ಬಂದು, ನೋಡಿ, ಸದ್ದಿಲ್ಲದೆ ಹೋದರು.

ಪೂಜೆ ಮುಗಿಸಿ ಎದ್ದು ಬಂದು ಊಟದ ಮಣೆಯ ಮೇಲೆ ಕೂತರು. ನಾನು ಎರಡು ರೊಟ್ಟಿ ಹಾಕಿದೆ. ಅವರು ಅವನ್ನು ನೋಡಿದರು, ನನ್ನನ್ನು ನೋಡಿದರು.

"ಇಷ್ಟೇ ತಟ್ಟಿಯೇನೇ?" ಎಂದರು. "ಬಾಕಿ ಬಾಳ ಐತೆ. ಒಲೆ ಆರಿಸ್ಬ್ಯಾಡ."